ಗೇಲನ್ ಅಭಿಧಮನಿಯ ವಿಕೃತಿ: ಯಾವಾಗ ಮುಚ್ಚಬೇಕು, ಎಷ್ಟು ಮುಚ್ಚಬೇಕು

ನವಜಾತ ಶಿಶುವಿಗೆ ಹಾರ್ಟ್ ಫೇಲ್ಯೂರ್ ಆಗಿದೆ. ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡಿದರೆ ಹೃದಯದ ಕೋಣೆಗಳು, ಕವಾಟಗಳು ಎಲ್ಲ ಸರಿಯಾಗಿವೆ. ಇಂಥ ಹೊತ್ತಿನಲ್ಲಿ ಸ್ಟೆತೋಸ್ಕೋಪನ್ನು ಒಮ್ಮೆ ಮಗುವಿನ ನೆತ್ತಿಯ ಮೇಲಿಟ್ಟು ಕೇಳಬೇಕು. ಹೃದಯದ ಬಡಿತಕ್ಕೆ ಸರಿಯಾಗಿ ಏರಿ ಇಳಿಯುವ ಸುಯ್ ಎನ್ನುವ ಸದ್ದು ಅಲ್ಲಿ ಕೇಳಿಸಿದರೆ, ರೋಗ ಇರುವುದು ಎದೆಯಲ್ಲಲ್ಲ, ತಲೆಯಲ್ಲಿ. ಮಿದುಳಿನ ಮಧ್ಯಭಾಗದಲ್ಲಿ, ಮಿದುಳಿನ ನೀರು ತುಂಬಿದ ಕೋಣೆಗಳಲ್ಲೊಂದಾದ ಮೂರನೇ ವೆಂಟ್ರಿಕಲ್‌ನ ಹಿಂದೆ, ಅಪಧಮನಿಗಳು ನಡುವೆ ಲೋಮನಾಳಗಳೇ ಇಲ್ಲದೆ ನೇರವಾಗಿ ಒಂದು ಅಭಿಧಮನಿಗೆ ರಕ್ತ ಸುರಿಯುತ್ತಿರುತ್ತವೆ. ವೈದ್ಯರು ಇದನ್ನು ವೇಯ್ನ್ ಆಫ್ ಗೇಲನ್ ಮಾಲ್ಫಾರ್ಮೇಶನ್ ಎನ್ನುತ್ತಾರೆ.

ಸುಮಾರು 58,000 ಜನನಗಳಿಗೆ ಒಂದು ಎಂಬ ಅಂದಾಜಿದೆ. ಅಂದರೆ ಒಬ್ಬ ಮಕ್ಕಳ ತಜ್ಞರು ತಮ್ಮ ಇಡೀ ವೃತ್ತಿಯಲ್ಲಿ ಒಂದೋ ಎರಡೋ ನೋಡಬಹುದು, ನೋಡದೆಯೂ ಇರಬಹುದು. ಗುರುತಿಸುವಲ್ಲಿ ತಡವಾಗುವುದು ಇದರಿಂದಲೇ. ಆದರೆ ಗುರುತಿಸಿದ ಮೇಲೆ ಆಗುವ ಅನಾಹುತಗಳಿಗೆ ಹೆಚ್ಚಿನ ಸಲ ಕಾರಣ ಅಜ್ಞಾನವಲ್ಲ, ಅವಸರ. ತಲೆಯಲ್ಲಿ ನೀರು ತುಂಬಿದೆಯೆಂದು ಶಂಟ್ (ನೀರು ಹೊರಹರಿಸುವ ಕೊಳವೆ) ಹಾಕುವ ಅವಸರ, ಒಂದೇ ಸಲಕ್ಕೆ ಎಲ್ಲವನ್ನೂ ಮುಚ್ಚಿಬಿಡುವ ಅವಸರ, ಔಷಧದಲ್ಲೇ ಸುಧಾರಿಸುತ್ತಿರುವ ಹತ್ತು ದಿನದ ಕೂಸನ್ನು ಕ್ಯಾಥ್ ಲ್ಯಾಬಿಗೆ (ನಾಳದೊಳಗೆ ಕೊಳವೆ ಹಾಯಿಸಿ ಚಿಕಿತ್ಸೆ ಮಾಡುವ ಕೋಣೆಗೆ) ಒಯ್ಯುವ ಅವಸರ.

ರಕ್ತ ಸುರಿಯುವ ಆ ಅಭಿಧಮನಿ ಚೀಲದಂತೆ ಊದಿಕೊಂಡಿರುತ್ತದೆ; ಆ ಚೀಲ ನಿಜವಾಗಿ ಏನು ಎಂಬುದು 1989ರವರೆಗೆ ಸ್ಪಷ್ಟವಿರಲಿಲ್ಲ. ನರರೇಡಿಯಾಲಜಿಸ್ಟ್ ರೇಬೋ ಮತ್ತು ಸಂಗಡಿಗರು ಅದು ಗೇಲನ್ ಅಭಿಧಮನಿಯಲ್ಲ, ಭ್ರೂಣದಲ್ಲಿ ಅದಕ್ಕೂ ಮೊದಲು ಇರುವ ಮೀಡಿಯನ್ ಪ್ರೋಸೆನ್ಸೆಫಾಲಿಕ್ ಎಂಬ ಅಭಿಧಮನಿ ಎಂದು ತೋರಿಸಿದರು. ಗರ್ಭದ ಹತ್ತು, ಹನ್ನೊಂದನೇ ವಾರದ ಹೊತ್ತಿಗೆ ಅದು ಅಳಿದುಹೋಗಬೇಕು, ಹಿಂದಿನ ತುದಿ ಮಾತ್ರ ಉಳಿದು ಗೇಲನ್ ಅಭಿಧಮನಿಯ ಭಾಗವಾಗಬೇಕು. ಕೊರಾಯ್ಡಲ್ ಅಪಧಮನಿಗಳು (ಮಿದುಳಿನ ನೀರು ತಯಾರಾಗುವ ಭಾಗಕ್ಕೆ ರಕ್ತ ಒಯ್ಯುವವು) ಅದರೊಳಕ್ಕೆ ನೇರ ತೆರೆದುಕೊಂಡಿದ್ದರೆ ಹರಿವಿನ ರಭಸಕ್ಕೆ ಅದು ಅಳಿಯುವುದಿಲ್ಲ, ಹಿಗ್ಗುತ್ತದೆ. ಇದು ಬರೀ ಭ್ರೂಣಶಾಸ್ತ್ರದ ಪಾಠವಲ್ಲ. ಈ ಚೀಲಕ್ಕೆ ಸಾಮಾನ್ಯವಾಗಿ ಮಿದುಳಿನ ಆರೋಗ್ಯವಂತ ಭಾಗದ ರಕ್ತ ಬಂದು ಸೇರುವುದಿಲ್ಲ, ಆದ್ದರಿಂದಲೇ ಇದನ್ನು ಮುಚ್ಚುವ ಯೋಚನೆ ಮಾಡಬಹುದು. ಬೇರೆಲ್ಲೋ ಇರುವ ಎವಿಎಂನಿಂದ (ಅಪಧಮನಿ, ಅಭಿಧಮನಿಗಳು ತಪ್ಪಾಗಿ ಕೂಡಿಕೊಂಡ ಗಂಟಿನಿಂದ) ರಕ್ತ ಹರಿದು ನಿಜವಾದ ಗೇಲನ್ ಅಭಿಧಮನಿಯೇ ಊದಿಕೊಂಡಿರುವ ಮಕ್ಕಳೂ ಇರುತ್ತಾರೆ. ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು. ಅಲ್ಲಿ ಚೀಲ ಮುಚ್ಚಿದರೆ ಮಿದುಳಿನ ಆಳದ ರಕ್ತಕ್ಕೆ ಹೊರದಾರಿ ಇಲ್ಲದೆ ರಕ್ತಸ್ರಾವವಾಗುತ್ತದೆ.

ಹೊಟ್ಟೆಯೊಳಗಿದ್ದಾಗ ಚೆನ್ನಾಗಿದ್ದ ಮಗು ಹುಟ್ಟಿದ ಎರಡು ಮೂರು ದಿನಕ್ಕೆ ಕುಸಿಯುವುದೇಕೆ? ಗರ್ಭದಲ್ಲಿ ಮಾಸು ಕೂಡ ರಕ್ತಕ್ಕೆ ಕಡಿಮೆ ತಡೆಯೊಡ್ಡುವ ದಾರಿ. ತಲೆಯ ಫಿಸ್ಟುಲಾ (ಅಪಧಮನಿ ಅಭಿಧಮನಿಗೆ ನೇರ ತೆರೆದುಕೊಂಡ ದಾರಿ) ಒಂದು ಕಡೆ, ಮಾಸು ಇನ್ನೊಂದು ಕಡೆ, ಎರಡೂ ರಕ್ತವನ್ನು ಹಂಚಿಕೊಳ್ಳುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಆ ಇನ್ನೊಂದು ದಾರಿ ಇಲ್ಲವಾಗುತ್ತದೆ. ತೀವ್ರ ಪ್ರಕರಣಗಳಲ್ಲಿ ಹೃದಯ ಹೊರಹಾಕುವ ರಕ್ತದ ಶೇ. 80ರವರೆಗೂ ತಲೆಗೇ ಹೋಗಬಹುದು. ನಾಲೆ ತಲೆಭಾಗದಲ್ಲೇ ಒಡೆದರೆ ಕೊನೆಭಾಗದ ಗದ್ದೆಗಳು ಒಣಗಿದಂತೆ, ಇಲ್ಲಿ ಮೂತ್ರಪಿಂಡ, ಯಕೃತ್ತು, ಕರುಳು ಒಣಗುತ್ತವೆ. ಡಯಾಸ್ಟೊಲ್‌ನಲ್ಲಿ, ಅಂದರೆ ಹೃದಯ ಸಡಿಲಗೊಳ್ಳುವ ಹೊತ್ತಿನಲ್ಲಿ, ಮಹಾಪಧಮನಿಯ ರಕ್ತ ಹಿಂದಕ್ಕೆ, ತಲೆಯ ಕಡೆಗೆ, ಎಳೆದುಕೊಂಡು ಹೋಗುವುದರಿಂದ ಹೃದಯದ ಸ್ನಾಯುವಿಗೇ ರಕ್ತ ಸಾಲದು. ಹೃದಯದ ಬಲಭಾಗಕ್ಕೆ ವಾಪಸ್ ಬರುವ ರಕ್ತದ ಹೊರೆ ಶ್ವಾಸಕೋಶದ ಒತ್ತಡವನ್ನು ಏರಿಸುತ್ತದೆ. ಬಲಗೈಯ ಸ್ಯಾಚುರೇಶನ್ ಒಂದು, ಕಾಲಿನದು ಅದಕ್ಕಿಂತ ಕಡಿಮೆ. ಇಷ್ಟು ನೋಡಿ ಪಿಪಿಎಚ್‌ಎನ್ (ನವಜಾತರಲ್ಲಿ ಶ್ವಾಸಕೋಶದ ನಾಳಗಳ ಒತ್ತಡ ಇಳಿಯದಿರುವ ರೋಗ) ಎಂದು ಬರೆದು ಅದಕ್ಕೆ ಕೊಡುವ ನೈಟ್ರಿಕ್ ಆಕ್ಸೈಡ್ ಹಚ್ಚಿ ಕಾಯುವುದು, ಇಲ್ಲವೇ ಸೆಪ್ಸಿಸ್ (ರಕ್ತದ ಸೋಂಕು) ಎಂದು ಆಂಟಿಬಯೋಟಿಕ್ ಬದಲಿಸುತ್ತ ಕೂರುವುದು, ಇವೆರಡರಲ್ಲೇ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಸುಳಿವು ಮಾತ್ರ ಎಕೋದಲ್ಲೇ ಇರುತ್ತದೆ: ತಲೆಯ ಕಡೆಯಿಂದ ರಕ್ತ ತರುವ ಸುಪೀರಿಯರ್ ವೀನಾ ಕಾವಾ ದಪ್ಪಗಾಗಿದೆ, ಹೃದಯದ ಬಲಭಾಗ ಹಿಗ್ಗಿದೆ, ಕೆಳಗಿಳಿಯುವ ಮಹಾಪಧಮನಿಯಲ್ಲಿ ಡಯಾಸ್ಟೊಲ್ ಹೊತ್ತಿಗೆ ಹರಿವು ಉಲ್ಟಾ. ಈ ಮೂರು ಕಂಡ ಎಕೋ ಮಾಡುವವರು ಪ್ರೋಬನ್ನು ಅಲ್ಲೇ ನೆತ್ತಿಯ ಮೇಲೂ ಒಂದು ನಿಮಿಷ ಇಡಬೇಕು.

ಎಲ್ಲ ಮಕ್ಕಳೂ ಹೀಗೆ ಬರುವುದಿಲ್ಲ. ಕೊರಾಯ್ಡಲ್ ಬಗೆಯಲ್ಲಿ ಹತ್ತಾರು ಸಣ್ಣ ಅಪಧಮನಿಗಳು ಚೀಲದ ಮುಂಭಾಗಕ್ಕೆ ಬಂದು ಸೇರುತ್ತವೆ. ಹರಿವು ಭಾರಿ, ರೋಗ ಹುಟ್ಟಿದ ವಾರದಲ್ಲೇ ಕಾಣುತ್ತದೆ. ಮ್ಯೂರಲ್ ಬಗೆಯಲ್ಲಿ ಚೀಲದ ಗೋಡೆಯಲ್ಲಿ ಕೆಲವೇ ದೊಡ್ಡ ಫಿಸ್ಟುಲಾಗಳು. ಹೃದಯ ಹೇಗೋ ತಾಳಿಕೊಳ್ಳುತ್ತದೆ, ಮಗು ನಾಲ್ಕೈದು ತಿಂಗಳಿಗೆ ‘ತಲೆ ದೊಡ್ಡದಾಗುತ್ತಿದೆ, ಕತ್ತು ನಿಂತಿಲ್ಲ’ ಎಂಬ ದೂರಿನೊಂದಿಗೆ ಬರುತ್ತದೆ. ಇನ್ನೂ ದೊಡ್ಡ ಮಕ್ಕಳಲ್ಲಿ ತಲೆನೋವು, ಫಿಟ್ಸ್, ಕೆಲವೊಮ್ಮೆ ರಕ್ತಸ್ರಾವ.

ಹೀಗೆ ತಡವಾಗಿ ಬರುವ ಮಕ್ಕಳನ್ನು ಹಿಡಿಯುವ ಸಾಧನ ಒಂದು ಟೇಪು. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಕಿವಿಯ ಮೇಲ್ಭಾಗದಿಂದ ಹಾಯಿಸಿ ಹಿಂದಲೆಯ ಅತಿ ಉಬ್ಬಿದ ಜಾಗಕ್ಕೆ ಸುತ್ತಿ, ಮೂರು ಸಲ ಅಳೆದು ದೊಡ್ಡ ಅಳತೆ ಬರೆಯಬೇಕು. ತುಂಬು ತಿಂಗಳ ಮಗುವಿಗೆ ಹುಟ್ಟುವಾಗ 34–35 ಸೆಂ.ಮೀ., ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ಅರ್ಧ. ಒಂದು ಸಲದ ಅಳತೆಯಿಂದ ಏನೂ ಹೇಳಲಾಗದು, ಬೆಳವಣಿಗೆ ಪಟ್ಟಿಯ ಗೆರೆ ದಾಟುತ್ತಿದೆಯೇ ಎಂಬುದು ಮುಖ್ಯ. ಅಪ್ಪನ ತಲೆಯನ್ನೂ ಅಳೆಯಿರಿ. ‘ನಮ್ಮ ಮನೆಯವರದೆಲ್ಲ ದೊಡ್ಡ ತಲೆ’ ಎಂಬ ಅಜ್ಜಿಯ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ. ಆದರೆ ಹಣೆ ಮತ್ತು ಕಣ್ಣಿನ ಸುತ್ತ ನೀಲಿ ನರಗಳು ಉಬ್ಬಿದ್ದರೆ ಆ ಸಮಾಧಾನ ಸಾಲದು. ನೆತ್ತಿಯ ಸದ್ದಿನ ಬಗ್ಗೆಯೂ ಒಂದು ಎಚ್ಚರ: ಜ್ವರ, ರಕ್ತಹೀನತೆ ಇರುವ ಮಕ್ಕಳಲ್ಲಿ, ಕೆಲವು ಆರೋಗ್ಯವಂತ ಮಕ್ಕಳಲ್ಲೂ ಅದು ಕೇಳಿಸಬಹುದು. ಕೇಳಿಸಿದರೆ ಸ್ಕ್ಯಾನ್ ಮಾಡಿ. ಕೇಳಿಸದಿದ್ದರೆ ರೋಗವಿಲ್ಲ ಎಂದೂ ತಿಳಿಯಬೇಡಿ.

ನೆತ್ತಿಯ ಮೂಲಕ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಕಾಣುವುದು ಮಧ್ಯದಲ್ಲೊಂದು ಕಪ್ಪು ಗುಳ್ಳೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಗುಂಡಿ ಒತ್ತದೆ ಅರಾಕ್ನಾಯ್ಡ್ ಸಿಸ್ಟ್ (ಬರೀ ನೀರಿನ ಗುಳ್ಳೆ) ಎಂದು ವರದಿ ಬರೆದರೆ ಅಲ್ಲಿಗೆ ಮುಗಿಯಿತು. ಒತ್ತಿದರೆ ಇಡೀ ಗುಳ್ಳೆ ಬಣ್ಣದಿಂದ ಕುದಿಯುತ್ತದೆ. ಗರ್ಭಿಣಿಯರ ಸ್ಕ್ಯಾನ್‌ಗೂ ಇದೇ ಮಾತು. ಇಲ್ಲಿ ಇನ್ನೊಂದು ವಿಷಯ: 18–20 ವಾರದ ಅನಾಮಲಿ ಸ್ಕ್ಯಾನ್ ನಾರ್ಮಲ್ ಬಂದಿತ್ತು ಎಂದು ಹಲವು ತಂದೆತಾಯಂದಿರು ರೇಡಿಯಾಲಜಿಸ್ಟರ ಮೇಲೆ ಸಿಟ್ಟಾಗುತ್ತಾರೆ. ಈ ವಿಕೃತಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದೇ ಏಳನೇ ತಿಂಗಳ ನಂತರ. ಆ ಸಿಟ್ಟಿಗೆ ಕಾರಣವಿಲ್ಲ.

ಮುಂದಿನದು ಎಂಆರ್‌ಐ. ಎಳೆಗೂಸಿಗೆ ಅರಿವಳಿಕೆ ಬೇಕಿಲ್ಲ; ಹಾಲು ಕುಡಿಸಿ, ಬಿಗಿಯಾಗಿ ಬಟ್ಟೆ ಸುತ್ತಿ, ಕಿವಿಗೆ ಹತ್ತಿಯಿಟ್ಟು ಮಲಗಿಸಿದರೆ ಹೆಚ್ಚಿನ ಕೂಸುಗಳು ನಿದ್ದೆ ಮಾಡುತ್ತವೆ. ಅದರಲ್ಲಿ ನೋಡಬೇಕಾದ್ದು ಚೀಲದ ಗಾತ್ರಕ್ಕಿಂತ ಮಿದುಳಿನ ಸ್ಥಿತಿ. ಮಿದುಳಿನ ಅಂಗಾಂಶ ಎರಡೂ ಬದಿ ಕರಗುತ್ತ ಬಂದಿದೆಯೇ, ಹೊಸ ಇನ್ಫಾರ್ಕ್ಟ್ (ರಕ್ತವಿಲ್ಲದೆ ಸತ್ತ ಜಾಗ) ಇದೆಯೇ, ರಕ್ತ ಹೊರಹೋಗುವ ಫಾಲ್ಸೈನ್ ಸೈನಸ್ ಎಷ್ಟು ಅಗಲ, ತಲೆಬುರುಡೆಯಿಂದ ಕತ್ತಿಗೆ ರಕ್ತ ಇಳಿಯುವ ಜುಗುಲರ್ ಬಲ್ಬ್ ಕಿರಿದಾಗುತ್ತಿದೆಯೇ? ಹೊರದಾರಿ ಕಿರಿದಾದರೆ ಹೃದಯಕ್ಕೆ ಹಾಯೆನಿಸುತ್ತದೆ, ಮಿದುಳಿಗೆ ಸಂಕಟ ಶುರುವಾಗುತ್ತದೆ. ಹೃದಯದ ಔಷಧ ಕಡಿಮೆಯಾಯಿತೆಂದು ಎಲ್ಲರೂ ಖುಷಿಪಡುವ ಹೊತ್ತಿಗೇ ತಲೆಯ ಅಳತೆ ಏರತೊಡಗುವುದು ಇದರಿಂದ. ತಡವಾಗಿ ಬಂದ ಮಗುವಿನಲ್ಲಿ ಬಿಳಿದ್ರವ್ಯದಲ್ಲಿ ಸುಣ್ಣದ ಕಲೆಗಳಿವೆಯೇ ಎಂದು ತಿಳಿಯಲು ಸಿಟಿಯೇ ಬೇಕು. ಕ್ಯಾಥೆಟರ್ ಆಂಜಿಯೋಗ್ರಾಮನ್ನು ಬರೀ ರೋಗನಿರ್ಣಯಕ್ಕೆಂದು ಮಾಡಬಾರದು. ಮೂರು ಕೆಜಿ ಮಗುವಿನ ತೊಡೆಯ ಅಪಧಮನಿಯನ್ನು ಮುಂದೆ ಮೂರು ನಾಲ್ಕು ಸಲ ಬಳಸಬೇಕಾಗಬಹುದು. ಸೂಜಿ ಹಾಕಿದ ದಿನವೇ ಚಿಕಿತ್ಸೆಯೂ ಆಗಬೇಕು.

ಈಗ ಮೂಲ ಪ್ರಶ್ನೆ: ಈ ಮಗುವಿಗೆ ಇವತ್ತೇ ಚಿಕಿತ್ಸೆಯೋ, ಐದು ತಿಂಗಳ ಮೇಲೋ? ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಿಯೆರ್ ಲಾಜೋನಿಯಾ ಅವರ ತಂಡ ರೂಪಿಸಿದ ಅಂಕಪಟ್ಟಿ ಇಂದಿಗೂ ಕೈಗೆ ಸಿಗುವ ಆಧಾರ. ಹೃದಯಕ್ಕೆ 5, ಮಿದುಳಿಗೆ 5, ಉಸಿರಾಟಕ್ಕೆ 5, ಯಕೃತ್ತಿಗೆ 3, ಮೂತ್ರಪಿಂಡಕ್ಕೆ 3, ಒಟ್ಟು 21; ಅಂಗ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. 12ಕ್ಕಿಂತ ಹೆಚ್ಚು ಬಂದರೆ ಔಷಧ ಕೊಡುತ್ತ ಐದು ತಿಂಗಳವರೆಗಾದರೂ ಕಾಯಬಹುದು. 8ರಿಂದ 12ರ ನಡುವೆ ಇದ್ದರೆ ತುರ್ತು ಎಂಬೋಲೈಸೇಶನ್, ಅಂದರೆ ನಾಳದೊಳಗಿನಿಂದಲೇ ಫಿಸ್ಟುಲಾ ಮುಚ್ಚುವ ಚಿಕಿತ್ಸೆ. 8ಕ್ಕಿಂತ ಕಡಿಮೆಯಾದರೆ ಎಂಬೋಲೈಸೇಶನ್ ಬೇಡ ಎಂಬುದು ಅವರ ನಿಲುವು, ಏಕೆಂದರೆ ಅಷ್ಟು ಹೊತ್ತಿಗೆ ಮಿದುಳು, ಯಕೃತ್ತು ಎರಡೂ ಸೋತಿರುತ್ತವೆ. ಈ ಕೊನೆಯ ಗೆರೆಯನ್ನು ಈಗ ಕೆಲವು ಕೇಂದ್ರಗಳು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ಮಿದುಳು ಚೆನ್ನಾಗಿದ್ದು ಹೃದಯ ಮಾತ್ರ ಸೋತಿರುವ ಮಗುವನ್ನು ಅಂಕ ನೋಡಿ ಕೈಬಿಡುವುದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿದೆ.

ಪಟ್ಟಿಯ ಉಸಿರಾಟದ ಭಾಗದಲ್ಲಿ ಒಂದು ಸೊಗಸಾದ ಸಾಲಿದೆ. ಮಗು ಜೋರಾಗಿ ಉಸಿರಾಡುತ್ತಿದ್ದರೂ ಬಾಟಲಿ ಹಾಲು ಪೂರ್ತಿ ಮುಗಿಸಿದರೆ 4 ಅಂಕ, ಮುಗಿಸದಿದ್ದರೆ 3. ಯಂತ್ರವಿಲ್ಲದೆ ಅಳೆಯಬಹುದಾದ ಅಂಕ ಇದು. ನಮ್ಮಲ್ಲಿ ಒಳಲೆಯಲ್ಲಿ ಕುಡಿಸುವ ಮಗುವಾದರೆ ಎಷ್ಟು ಮಿಲಿ ಹಾಕಿದಿರಿ, ಎಷ್ಟು ಹೊತ್ತು ಹಿಡಿಯಿತು, ನಡುವೆ ಬೆವರಿತೇ, ಅರ್ಧಕ್ಕೇ ಸುಸ್ತಾಗಿ ಬಿಟ್ಟಿತೇ ಎಂದು ನರ್ಸಮ್ಮನವರೋ ತಾಯಿಯೋ ಪ್ರತಿ ಸಲ ಬರೆದಿಟ್ಟರೆ ಅದೇ ಅತ್ಯಂತ ನಂಬಿಕಸ್ಥ ದಾಖಲೆ. ಮೊನ್ನೆ 30 ಮಿಲಿಯನ್ನು ಹದಿನೈದು ನಿಮಿಷದಲ್ಲಿ ಕುಡಿದ ಮಗು ಇವತ್ತು ಅದಕ್ಕೇ ಮುಕ್ಕಾಲು ಗಂಟೆ ತೆಗೆದುಕೊಂಡರೆ ಅಂಕ ಇಳಿಯುತ್ತಿದೆ ಎಂದೇ ಅರ್ಥ.

ಕಾಯುವುದು ಎಂದರೆ ಸುಮ್ಮನೆ ಕೂರುವುದಲ್ಲ. ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಕೆಜಿಗೆ 1 ಮಿ.ಗ್ರಾಂ.ನಂತೆ ಶುರುಮಾಡಿ ಮೂತ್ರ ಮತ್ತು ಪೊಟ್ಯಾಸಿಯಂ ನೋಡುತ್ತ ಹೊಂದಿಸಬೇಕು. ಎನ್‌ಐಸಿಯುನಲ್ಲಿ ಮಿಲ್ರಿನೋನ್ ಉಪಯುಕ್ತ, ಏಕೆಂದರೆ ಅದು ಹೃದಯಕ್ಕೆ ಬಲ ಕೊಡುತ್ತ ದೇಹದ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಿಪಿ ಕಡಿಮೆಯೆಂದು ಅಡ್ರಿನಲಿನ್ ಏರಿಸುತ್ತ ಹೋದರೆ ದೇಹದ ನಾಳಗಳು ಬಿಗಿದು ಇನ್ನಷ್ಟು ರಕ್ತ ತಲೆಯ ಕಡೆಗೇ ತಿರುಗುತ್ತದೆ. ಡಯಾಸ್ಟೊಲಿಕ್ ಬಿಪಿ ಈ ಮಕ್ಕಳಲ್ಲಿ ಕಡಿಮೆಯೇ ಇರುತ್ತದೆ. ಸಂಖ್ಯೆಗಿಂತ ಮೂತ್ರ ಮತ್ತು ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ ನೋಡುವುದು ಜಾಣತನ. ಇನ್ನೊಂದು ಸಣ್ಣ ಆದರೆ ದೊಡ್ಡ ಪರಿಣಾಮದ ಮಾತು: ಹೊಕ್ಕುಳಿನ ಅಪಧಮನಿಗೆ ಹಾಕಿದ ಕ್ಯಾಥೆಟರನ್ನು ಬೇರೆ ಊರಿಗೆ ಕಳಿಸುವ ಮುನ್ನ ತೆಗೆದುಬಿಡಬೇಡಿ. ಎಂಬೋಲೈಸೇಶನ್‌ಗೆ ಅದೇ ಬಾಗಿಲಾಗಬಹುದು, ತೊಡೆಯ ಅಪಧಮನಿ ಉಳಿಯುತ್ತದೆ.

ಇನ್ನು ತಲೆಯ ನೀರಿನ ವಿಷಯ. ಅತಿ ಹೆಚ್ಚು ಕೆಡುವುದು ಇಲ್ಲಿಯೇ. ವೆಂಟ್ರಿಕಲ್‌ಗಳು ದೊಡ್ಡದಾಗಿವೆ, ತಲೆ ಬೆಳೆಯುತ್ತಿದೆ, ಮೂರನೇ ವೆಂಟ್ರಿಕಲ್ ಹಿಂದೆ ಚೀಲ ಕೂತಿದೆ, ಆದ್ದರಿಂದ ಅದೇ ಅಡ್ಡವಾಗಿ ನೀರು ತಡೆದಿದೆ ಎಂದು ತೋರುವುದು ಸಹಜ. ಬಹಳಷ್ಟು ಮಕ್ಕಳಲ್ಲಿ ದಾರಿ ತೆರೆದೇ ಇರುತ್ತದೆ. ಎಳೆಯ ಮಗುವಿನಲ್ಲಿ ಮಿದುಳಿನ ನೀರನ್ನು ಹೀರುವ ಅರಾಕ್ನಾಯ್ಡ್ ಗ್ರ್ಯಾನ್ಯುಲೇಶನ್‌ಗಳು ಇನ್ನೂ ಬಲಿತಿರುವುದಿಲ್ಲ, ಮಿದುಳಿನ ನೀರು ಹೆಚ್ಚಾಗಿ ಮಿದುಳಿನ ಸಣ್ಣ ಅಭಿಧಮನಿಗಳ ಮೂಲಕವೇ ಇಂಗಬೇಕು. ಅಭಿಧಮನಿಗಳೊಳಗೆ ಅಪಧಮನಿಯ ರಕ್ತ ನುಗ್ಗಿ ಒತ್ತಡ ಏರಿದಾಗ ಇಂಗುವುದು ನಿಲ್ಲುತ್ತದೆ. ಅಂದರೆ ಮೂಲ ಇರುವುದು ರಕ್ತದ ಒತ್ತಡದಲ್ಲಿ. ಅಲ್ಲಿಗೆ ನೀರನ್ನು ಹೊಟ್ಟೆಗೆ ಹರಿಸುವ ವಿ.ಪಿ. ಶಂಟ್ ಹಾಕಿ ವೆಂಟ್ರಿಕಲ್‌ನ ಒತ್ತಡವನ್ನಷ್ಟೇ ಇಳಿಸಿದರೆ ಉಬ್ಬಿದ ಅಭಿಧಮನಿಗಳಿಗೆ ಎದುರೊತ್ತಡ ಇಲ್ಲವಾಗುತ್ತದೆ. ಅವು ಇನ್ನಷ್ಟು ಹಿಗ್ಗುತ್ತವೆ, ಮಿದುಳು ರಕ್ತದಿಂದ ಬೀಗುತ್ತದೆ, ವೆಂಟ್ರಿಕಲ್ ಒಳಗೆ ಅಥವಾ ಸಬ್‌ಡ್ಯೂರಲ್ ಜಾಗದಲ್ಲಿ (ಮಿದುಳಿನ ಹೊರಪೊರೆಯ ಅಡಿಯಲ್ಲಿ) ರಕ್ತಸ್ರಾವವಾಗಬಹುದು, ಫಿಟ್ಸ್ ಶುರುವಾಗಬಹುದು. ಮೊದಲು ಫಿಸ್ಟುಲಾ ತಗ್ಗಿಸಬೇಕು. ಬಹುಪಾಲು ಮಕ್ಕಳಲ್ಲಿ ತಲೆಯ ಬೆಳವಣಿಗೆ ತಾನಾಗಿ ಹತೋಟಿಗೆ ಬರುತ್ತದೆ. ಬಾರದಿದ್ದರೆ, ನಿಜಕ್ಕೂ ದಾರಿ ಕಟ್ಟಿದ್ದರೆ, ಎಂಡೋಸ್ಕೋಪ್‌ನಿಂದ ಮೂರನೇ ವೆಂಟ್ರಿಕಲ್‌ನ ತಳದಲ್ಲಿ ರಂಧ್ರ ಮಾಡುವ ಇಟಿವಿ ಶಂಟ್‌ಗಿಂತ ಮೇಲು. ಮಗು ಎಚ್ಚರ ತಪ್ಪುತ್ತಿದೆ, ಎಂಬೋಲೈಸೇಶನ್ ಮಾಡುವವರು ತಕ್ಷಣಕ್ಕೆ ಸಿಗುವುದಿಲ್ಲ ಎಂಬಂಥ ಸಂಕಟದಲ್ಲಿ ಮಾತ್ರ ಈ ಕ್ರಮ ಮುರಿಯಬೇಕಾಗಬಹುದು.

ತಲೆಬುರುಡೆ ತೆರೆದು ಈ ಚೀಲದ ನಾಳಗಳನ್ನು ಕಟ್ಟುವ ಶಸ್ತ್ರಚಿಕಿತ್ಸೆ 1980ರ ದಶಕದವರೆಗೆ ನಡೆಯುತ್ತಿತ್ತು. ನವಜಾತರಲ್ಲಿ ಬಹುತೇಕ ಯಾರೂ ಉಳಿಯುತ್ತಿರಲಿಲ್ಲ. ಮೂರು ಕೆಜಿ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 250 ಮಿಲಿ. 25 ಮಿಲಿ ಹೋದರೆ ಹತ್ತರಲ್ಲೊಂದು ಪಾಲು ಹೋದಂತೆ. ಈಗ ಚಿಕಿತ್ಸೆ ನಾಳದೊಳಗಿನಿಂದ.

ಪೂರ್ತಿ ಅರಿವಳಿಕೆ, ಮೈ ಬೆಚ್ಚಗಿಡುವ ಹಾಸು, ತೊಡೆಯ ಅಪಧಮನಿಗೆ ಅಲ್ಟ್ರಾಸೌಂಡ್ ನೋಡಿಕೊಂಡು 4 ಫ್ರೆಂಚ್ ಅಳತೆಯ ಶೀತ್ (ಕ್ಯಾಥೆಟರ್ ಹಾಯಿಸುವ ಕೊಳವೆ). ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ದ್ರವ) ಸಾಮಾನ್ಯವಾಗಿ ಕೆಜಿಗೆ 5–6 ಮಿಲಿ ದಾಟಬಾರದು, ಮೂರು ಕೆಜಿ ಮಗುವಿಗೆ ಅಂದರೆ 15–18 ಮಿಲಿ ಅಷ್ಟೇ. ಆದ್ದರಿಂದ ಎಂಆರ್‌ಐ ನೋಡಿ ಯಾವ ಅಪಧಮನಿಗೆ ಹೋಗಬೇಕೆಂದು ಮೊದಲೇ ನಿರ್ಧರಿಸಿರಬೇಕು. ಕ್ಯಾಥೆಟರ್ ತೊಳೆಯುವ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೆರೆತ ಸಲೈನನ್ನೂ ಲೆಕ್ಕದಲ್ಲಿ ಬರೆಯಬೇಕು, ಇಲ್ಲದಿದ್ದರೆ ಸೋತ ಹೃದಯಕ್ಕೆ ನಮ್ಮ ಕೈಯಿಂದಲೇ ನೂರು ಮಿಲಿ ಸದ್ದಿಲ್ಲದೆ ಸೇರಿಬಿಡುತ್ತದೆ. ರಕ್ತದ ಹರಿವಿನಲ್ಲೇ ತೇಲಿಹೋಗುವ ಮೈಕ್ರೋಕ್ಯಾಥೆಟರ್ ಪೋಸ್ಟೀರಿಯರ್ ಕೊರಾಯ್ಡಲ್ ಅಪಧಮನಿಯ ಮೂಲಕ ಫಿಸ್ಟುಲಾದ ಬಾಯಿಗೆ ತಲುಪುತ್ತದೆ.

ಅಲ್ಲಿ ಬಿಡುವುದು ಎನ್‌ಬಿಸಿಎ ಅಂಟು. ಸಾಧಾರಣ ಎವಿಎಂಗೆ ಎಕ್ಸ್‌ರೇಯಲ್ಲಿ ಕಾಣುವ ಲಿಪಿಯೋಡಾಲ್ ಎಣ್ಣೆ ಬೆರೆಸಿ ಶೇ. 20–30ಕ್ಕೆ ತೆಳುಮಾಡುತ್ತಾರೆ. ಇಲ್ಲಿನ ರಭಸಕ್ಕೆ ಶೇ. 70–80, ಕೆಲವೊಮ್ಮೆ ಇನ್ನೂ ಗಟ್ಟಿ ಬೇಕು. ಲಿಪಿಯೋಡಾಲ್ ಕಡಿಮೆಯಾದಾಗ ಎಕ್ಸ್‌ರೇಯಲ್ಲಿ ಅಂಟು ಕಾಣುವುದಿಲ್ಲ, ಅದಕ್ಕೆ ಟ್ಯಾಂಟಲಂ ಪುಡಿ ಸೇರಿಸುತ್ತಾರೆ. ಅಂಟು ರಕ್ತ, ಸಲೈನ್ ಯಾವುದು ತಾಗಿದರೂ ಹೆಪ್ಪುಗಟ್ಟುತ್ತದೆ. ಹಾಗಾಗಿ ಅದರ ಟ್ರೇ ಬೇರೆ, ಸಿರಿಂಜು ಬೇರೆ, ಹೊಸ ಗ್ಲೌಸು, ಕ್ಯಾಥೆಟರ್ ಒಳಗೆಲ್ಲ 5% ಡೆಕ್ಸ್‌ಟ್ರೋಸ್. ಸಲೈನಿನ ಒಂದು ಹನಿ ಹಬ್‌ನಲ್ಲಿ ಉಳಿದಿದ್ದರೂ ಅಂಟು ಕ್ಯಾಥೆಟರ್‌ನಲ್ಲೇ ಗಟ್ಟಿಯಾಗುತ್ತದೆ. ಚುಚ್ಚುವ ಕ್ಷಣದಲ್ಲಿ ಅರಿವಳಿಕೆ ತಜ್ಞರು ಬಿಪಿಯನ್ನು ತುಸು ಇಳಿಸುತ್ತಾರೆ. ಎಲ್ಲ ಒಂದೆರಡು ಸೆಕೆಂಡಿನ ಕೆಲಸ: ಅಂಟು ಅಭಿಧಮನಿಯ ಬಾಯಿ ಮುಟ್ಟುತ್ತಿದ್ದಂತೆ ನಿಲ್ಲಿಸಿ ಕ್ಯಾಥೆಟರನ್ನು ಎಳೆದುಬಿಡಬೇಕು. ಮುಂಚೆ ನಿಲ್ಲಿಸಿದರೆ ಅಪಧಮನಿ ಮಾತ್ರ ಮುಚ್ಚಿ ಫಿಸ್ಟುಲಾ ಬೇರೆ ನಾಳಗಳಿಂದ ರಕ್ತ ಎಳೆದುಕೊಳ್ಳುತ್ತದೆ, ತಡಮಾಡಿದರೆ ಅಂಟು ಚೀಲ ದಾಟಿ ಶ್ವಾಸಕೋಶಕ್ಕೆ ಹೋಗುತ್ತದೆ ಅಥವಾ ಹೊರದಾರಿಯನ್ನೇ ಕಟ್ಟುತ್ತದೆ. ಓನಿಕ್ಸ್ ಎಂಬ ಇನ್ನೊಂದು ಮುಚ್ಚುವ ದ್ರವ ನಿಧಾನವಾಗಿ ಹರಿಯುತ್ತದೆ, ಕೈಗೆ ಸಮಯ ಸಿಗುತ್ತದೆ. ಆದರೆ ಅದರ ದ್ರಾವಕ ಡಿಎಂಎಸ್‌ಓ ಎಳೆಗೂಸಿಗೆ ಹೆಚ್ಚಾಗಬಾರದು.

ಎಷ್ಟು ಮುಚ್ಚಬೇಕು? ತುರ್ತಾಗಿ ಬಂದ ನವಜಾತರಲ್ಲಿ ಹರಿವಿನ ಮೂರರಲ್ಲೊಂದು ಪಾಲು ತಗ್ಗಿದರೂ ಹೃದಯ ಚೇತರಿಸಿಕೊಳ್ಳಬಹುದು, ಅಲ್ಲಿಗೆ ಕೈ ತೆಗೆಯಬೇಕು. ಆಂಜಿಯೋಗ್ರಾಮ್‌ನಲ್ಲಿ ಇನ್ನೂ ಎರಡು ನಾಳ ಸುಲಭವಾಗಿ ಕಾಣುತ್ತಿರುವಾಗ ನಿಲ್ಲಿಸುವುದು ಕಷ್ಟ. ಆದರೆ ಅಷ್ಟು ದೊಡ್ಡ ಚೀಲದಲ್ಲಿ ರಕ್ತ ದಿಢೀರನೆ ನಿಂತರೆ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿನ ಉಳಿದ ಅಭಿಧಮನಿಗಳಿಗೂ ಹಬ್ಬಬಹುದು. ರಕ್ತವಿಲ್ಲದೆ ಸೊರಗಿದ್ದ ಮಿದುಳಿಗೆ ಒಮ್ಮೆಗೇ ಪೂರ್ಣ ಒತ್ತಡ ಬಂದರೆ ಸ್ರಾವವಾಗಬಹುದು. ಮುಂದಿನ ಹಂತಗಳು ತಿಂಗಳುಗಳ ಅಂತರದಲ್ಲಿ. ಮುಗಿದ ಮೇಲೆ ಮೊದಲ ಗಂಟೆಗಳಲ್ಲಿ ಎರಡೂ ಪಾದಗಳ ಬಿಸಿ, ಬಣ್ಣ, ನಾಡಿ ಹೋಲಿಸಿ ನೋಡಬೇಕು. ಚುಚ್ಚಿದ ಕಡೆಯ ಕಾಲು ತಣ್ಣಗಿದ್ದರೆ ಹೆಪಾರಿನ್ ಶುರುಮಾಡಲು ಬೆಳಗಾಗುವವರೆಗೆ ಕಾಯಬಾರದು.

ತೆರೆದ ಶಸ್ತ್ರಚಿಕಿತ್ಸೆಗೆ ಇನ್ನೂ ಜಾಗವಿರುವುದು ಈ ರೋಗದ ಜೊತೆ ಗೊಂದಲವಾಗುವ ಪಯಲ್ ಫಿಸ್ಟುಲಾದಲ್ಲಿ. ಮಿದುಳಿನ ಮೇಲ್ಮೈಯಲ್ಲಿ ಒಂದೇ ಅಪಧಮನಿ ಒಂದೇ ಅಭಿಧಮನಿಗೆ ತೆರೆದಿದ್ದರೆ ಕ್ಲಿಪ್ ಹಾಕಿ ಮುಗಿಸಬಹುದು.

ಲಾಜೋನಿಯಾ ತಂಡ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಎಂಬೋಲೈಸೇಶನ್ ಆದ 216 ಮಕ್ಕಳಲ್ಲಿ 23 ಮಂದಿ ತೀರಿಕೊಂಡರು, ಉಳಿದ 193ರಲ್ಲಿ 143 ಮಂದಿ, ಅಂದರೆ ಶೇ. 74, ನರಗಳ ದೃಷ್ಟಿಯಿಂದ ಸಹಜವಾಗಿ ಬೆಳೆದರು. ಈ ಸಂಖ್ಯೆಯನ್ನು ತಂದೆತಾಯಿಗೆ ಹೇಳುವಾಗ ಅದು ಆಯ್ದ ಮಕ್ಕಳ ಲೆಕ್ಕ ಎಂಬುದನ್ನೂ ಹೇಳಬೇಕು. ಚಿಕಿತ್ಸೆ ಬೇಡವೆಂದು ಬಿಟ್ಟ ಮಕ್ಕಳು ಅದರಲ್ಲಿಲ್ಲ. ಇಲ್ಲಿ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗಳಲ್ಲಿ ನಾಳದೊಳಗಿನ ನರಚಿಕಿತ್ಸೆಯ ವಿಭಾಗಗಳಿವೆ. ಕಳಿಸುವ ಮೊದಲು ಫೋನ್ ಮಾಡಿ ನವಜಾತರ ಐಸಿಯು, ಮಕ್ಕಳ ಹೃದಯತಜ್ಞರು, ಎಂಬೋಲೈಸೇಶನ್ ಮಾಡುವವರು ಮೂವರೂ ಒಂದೇ ಕಡೆ ಸಿಗುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಗರ್ಭದಲ್ಲೇ ಪತ್ತೆಯಾಗಿದ್ದರೆ ಹೆರಿಗೆಯನ್ನೇ ಅಂಥ ಊರಿನಲ್ಲಿ ಇಟ್ಟುಕೊಳ್ಳುವುದು ಆಂಬುಲೆನ್ಸ್ ಪ್ರಯಾಣಕ್ಕಿಂತ ಎಷ್ಟೋ ಕ್ಷೇಮ.

2023ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡ್ಯಾರೆನ್ ಆರ್ಬಾಕ್ ಅವರ ತಂಡ 34 ವಾರದ ಗರ್ಭದಲ್ಲೇ, ತಾಯಿಯ ಹೊಟ್ಟೆಯ ಮೂಲಕ ಮಗುವಿನ ತಲೆಗೆ ಸೂಜಿ ಹಾಯಿಸಿ ನಾಳ ಮುಚ್ಚುವ ತಂತಿಸುರುಳಿಗಳಾದ ಕಾಯಿಲ್‌ಗಳನ್ನಿಟ್ಟಿತು. ಹುಟ್ಟಿದ ಮೇಲೆ ಆ ಮಗುವಿಗೆ ಹೃದಯದ ಔಷಧ ಬೇಕಾಗಲಿಲ್ಲ. ಇನ್ನೂ ಅದು ಪ್ರಯೋಗದ ಹಂತದ ಕೆಲಸ, ಫಾಲ್ಸೈನ್ ಸೈನಸ್ ತುಂಬ ಅಗಲವಾಗಿ ಅತಿ ಅಪಾಯದಲ್ಲಿರುವ ಭ್ರೂಣಗಳಿಗಷ್ಟೇ.

ಕೊನೆಗೆ ತಂದೆತಾಯಿಯ ಚರ್ಮವನ್ನೂ ಹಗಲು ಬೆಳಕಿನಲ್ಲಿ ನೋಡಬೇಕು. ಸುತ್ತ ಬಿಳಚಿದ ಅಂಚಿರುವ ಸಣ್ಣ ಗುಲಾಬಿ ಮಚ್ಚೆಗಳು ಕೈಕಾಲು, ಬೆನ್ನಿನ ಮೇಲೆ ಕಂಡರೆ ಅದು ಆರ್‌ಎಎಸ್‌ಎ1 ಅಥವಾ ಇಪಿಎಚ್‌ಬಿ4 ಜೀನ್‌ನ ದೋಷ ಇರಬಹುದು. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ಆದರೆ ದಾಟಿದವರೆಲ್ಲರಿಗೂ ತಲೆಯಲ್ಲಿ ಫಿಸ್ಟುಲಾ ಆಗುವುದಿಲ್ಲ. ಮಚ್ಚೆ ಇರಲಿ ಇಲ್ಲದಿರಲಿ, ಮುಂದಿನ ಬಸಿರಿನಲ್ಲಿ ಅನಾಮಲಿ ಸ್ಕ್ಯಾನ್ ಆದಮೇಲೂ 30–32 ವಾರಕ್ಕೆ ಇನ್ನೊಂದು ಸ್ಕ್ಯಾನ್ ಮಾಡಿಸಬೇಕು, ಚೀಟಿಯಲ್ಲಿ ‘ತಲೆಯ ಮಧ್ಯಭಾಗಕ್ಕೆ ಕಲರ್ ಡಾಪ್ಲರ್ ಹಾಕಿ ನೋಡಿ’ ಎಂದು ಬಿಡಿಸಿ ಬರೆದಿರಬೇಕು.